ರೆಡಿಮೇಡ್ ಸೈಜಿಗೆ ಸಿಗದ ಮಕ್ಕಳು

ಮೇ ಕೊನೆ, ಜೂನ್ ಮೊದಲು ನಮಗೆ ಸುಗ್ಗಿ. ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಟೈಲರ್ ಅಂಗಡಿ. ಕಟಿಂಗ್ ನಮ್ಮ ಯಜಮಾನರದ್ದು, ಅಳತೆ ಮತ್ತು ಮೆಷಿನ್ ನನ್ನದು. ಈ ಹೊತ್ತಿನಲ್ಲಿ ಬ್ಲೌಸಿನವರನ್ನೆಲ್ಲ "ಜೂನ್ ಹದಿನೈದಾದ ಮೇಲೆ ಬನ್ನಿ" ಅಂತ ಸಾಗಹಾಕಿ ಬರೀ ಯೂನಿಫಾರಂ ಹೊಲಿಯುತ್ತೇವೆ.

ಬರುವ ಮಕ್ಕಳಲ್ಲಿ ಎರಡು ಥರ. ಸರ್ಕಾರಿ ಶಾಲೆಯವರಿಗೆ ವಿದ್ಯಾವಿಕಾಸ ಯೋಜನೆಯ ಬಟ್ಟೆ ಬಿಟ್ಟಿ ಸಿಗುತ್ತದೆ, ಅದನ್ನು ಹೊಲಿಸಲು ಬರುತ್ತಾರೆ. ಪ್ರೈವೇಟ್ ಶಾಲೆಯವರಿಗೆ ರೆಡಿಮೇಡ್ ಸೆಟ್ಟೇ ಕೊಟ್ಟುಬಿಡುತ್ತಾರೆ, ಆ ಸೈಜಿನೊಳಗೆ ಹಿಡಿಯದವರು ಮಾತ್ರ ನನ್ನ ಹತ್ತಿರ ಬರುತ್ತಾರೆ. ಒಂಬತ್ತು ವರ್ಷದ ಹುಡುಗನಿಗೆ ಹದಿಮೂರು ವರ್ಷದವನ ಪ್ಯಾಂಟು ತಂದಿರುತ್ತಾರೆ. ಸೊಂಟ ಸರಿಹೋಗಿರುತ್ತದೆ, ಕಾಲು ನೆಲ ಗುಡಿಸುತ್ತಿರುತ್ತದೆ. ಕೆಳಗೆ ಕತ್ತರಿಸಿ ಮಡಚಿದರೆ ಆಯಿತು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಮಂಡಿ ಬರಬೇಕಾದ ಜಾಗದಲ್ಲಿ ತೊಡೆ ಬಂದಿರುತ್ತದೆ, ಸೀಟು ಜೋತು ಬಿದ್ದಿರುತ್ತದೆ. ಪೂರಾ ಬಿಚ್ಚಿ ಹೊಲಿಯಬೇಕು. ಅದಕ್ಕಿಂತ ಹೊಸದು ಹೊಲಿಯುವುದು ಸಲೀಸು.

ಒಂದೇ ಮೇಜಿನ ಮೇಲೆ, ಒಂದೇ ವಯಸ್ಸಿನ ಇಬ್ಬರು ಹುಡುಗರ ಪ್ಯಾಂಟು. ಒಂದಕ್ಕೆ ಸೊಂಟ 21, ಇನ್ನೊಂದಕ್ಕೆ 31. ಇದು ನನ್ನ ಮೇಜಿನ ವಿಚಿತ್ರ ಅಂದುಕೊಂಡಿದ್ದೆ, ದೇಶದ ಲೆಕ್ಕವೂ ಹೀಗೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ತೂಕ ಮೀರಿದವರು ಶೇ. 3.4. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 2.1 ಇತ್ತು. ಚಿಕ್ಕ ಸಂಖ್ಯೆ ಅನ್ನಿಸಬಹುದು, ಆದರೆ ಏರುತ್ತಿರುವ ಸಂಖ್ಯೆ. ನನ್ನ ಅಳತೆ ಪುಸ್ತಕ ನೋಡಿ "ಊರಿನ ಮಕ್ಕಳೆಲ್ಲ ದಪ್ಪ ಆಗಿದ್ದಾರೆ" ಅಂತ ನಾನು ಹೇಳಿದರೆ ಮಾತ್ರ ನಂಬಬೇಡಿ. ರೆಡಿಮೇಡ್ ಹಿಡಿದವರು ನನ್ನ ಅಂಗಡಿಗೆ ಯಾಕೆ ಬಂದಾರು?

ಟೇಪಿನ ಬಗ್ಗೆ ಒಂದು ಮಾತು. ನಮ್ಮೂರಿನ ಮೆಡಿಕಲ್ ಕಾಲೇಜು ಮಿಮ್ಸ್‌ನ ಎಂಬಿಬಿಎಸ್ ಹುಡುಗಿಯರು ಬಿಳಿ ಕೋಟು ಹೊಲಿಸಲು ಬರುತ್ತಾರೆ. ನನಗೆ ಕೇಳುವ ಚಾಳಿ, ಅವರಿಗೂ ಹೇಳುವ ಹುರುಪು. ಅವರಲ್ಲೊಬ್ಬಳು ಹೇಳಿಕೊಟ್ಟಿದ್ದು: ಐದು ವರ್ಷ ದಾಟಿದ ಮಗುವಿನ ಸೊಂಟದ ಸುತ್ತಳತೆ ಅದರ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ತಕ್ಕಡಿ ಬೇಡ, ಚಾರ್ಟು ಬೇಡ. ಎತ್ತರ 52 ಇಂಚಿದ್ದರೆ ಸೊಂಟ 26ರ ಒಳಗೆ. ಡಾಕ್ಟರು ಗ್ರಾಫ್ ಹಾಕಿ ನೋಡುವುದು ಬೇರೆ, ಅದು ಆಗಲೇಬೇಕು. ಮನೆಯಲ್ಲಿ ಒಂದು ಅಂದಾಜಿಗೆ ಇದು ಸಾಕು. ಆದರೆ ಟೈಲರ್ ಹಿಡಿಯುವ ಜಾಗ ಬೇರೆ, ಡಾಕ್ಟರು ಹಿಡಿಯುವ ಜಾಗ ಬೇರೆ. ಅವರು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹಿಡಿಯುತ್ತಾರೆ, ಉಸಿರು ಬಿಟ್ಟ ಮೇಲೆ. ನಾವು ಪ್ಯಾಂಟು ಕೂರುವ ಕಡೆ ಹಿಡಿಯುತ್ತೇವೆ. ಹೊಟ್ಟೆ ಬಂದ ಮಕ್ಕಳಿಗೆ ಪ್ಯಾಂಟು ಹೊಟ್ಟೆ ಕೆಳಕ್ಕೆ ಜಾರಿ ಕೂರುತ್ತದೆ. ಹಾಗಾಗಿ ಟೈಲರ್ ಅಳತೆ ಯಾವತ್ತೂ ಒಂದೆರಡು ಇಂಚು ಸುಳ್ಳು, ಅದೂ ಹೊಗಳುವ ಸುಳ್ಳು.

ಆ 31ರ ಹುಡುಗನ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಬಂದಿದ್ದ, ಒಂಬತ್ತು ವರ್ಷ. ಜೊತೆಗೆ ಅಮ್ಮ, ಅಜ್ಜಿ, ಮೂರು ವರ್ಷದ ತಂಗಿ. ಟೇಪು ಸುತ್ತಿದ ತಕ್ಷಣ ಹೊಟ್ಟೆ ಒಳಗೆ ಎಳೆದುಕೊಂಡು ಉಸಿರು ಕಟ್ಟಿ ನಿಂತ. ಮಕ್ಕಳು ಹೀಗೆ ಮಾಡುವುದು ಯಾರಾದರೂ ಏನಾದರೂ ಅಂದಿದ್ದರೆ ಮಾತ್ರ. "ಉಸಿರು ಬಿಡಪ್ಪ, ಹಿಂಗೇ ನಿಂತ್ಕಂಡ್ರೆ ಪ್ಯಾಂಟು ಹಾಕ್ಕಂಡಾಗ ಉಸಿರಾಡಕ್ಕಾಗಲ್ಲ" ಅಂದೆ. ಅಮ್ಮ ನಡುವೆ ಬಾಯಿ ಹಾಕಿದರು. "ಲೂಸಾಗೇ ಇರ್ಲಿ ಅಕ್ಕ. ಇವ್ನು ತಿನ್ನೋದೆಲ್ಲಿ ನಿಲ್ಲಿಸ್ತಾನೆ." ಅಜ್ಜಿ ಸುಮ್ಮನಿರಲಿಲ್ಲ. "ಬುಡವ್ವ, ಮೊಗಾನ ಯಾಕ್ ಬಯ್ತೀಯ. ಮೈಕೈ ತುಂಬ್ಕಂಡು ಚೆಂದಾಗವ್ನೆ."

ಶರ್ಟಿನ ಕಾಲರ್ ಅಳತೆಗೆ ಕತ್ತಿನ ಹಿಂದೆ ಟೇಪು ಹಾಕಿದಾಗ ಅಲ್ಲೊಂದು ಕಪ್ಪು ಪಟ್ಟಿ. ಮುಟ್ಟಿದರೆ ಮಖಮಲ್ ಬಟ್ಟೆಯ ಹಾಗೆ, ಸ್ವಲ್ಪ ದಪ್ಪ, ಸಣ್ಣ ಸಣ್ಣ ನಿರಿಗೆ. "ಕಡ್ಲೆಹಿಟ್ಟು, ನಿಂಬೆಹಣ್ಣು ಎಲ್ಲ ಹಾಕಿ ತಿಕ್ಕಿ ನೋಡ್ದೆ, ಕೊಳೆ ಹೋಗ್ತಾನೇ ಇಲ್ಲ" ಅಂದರು ಅಮ್ಮ. ತಿಕ್ಕಿದ ಗುರುತು ಕೂಡ ಕಾಣುತ್ತಿತ್ತು, ಪಾಪ. ಅದು ಕೊಳೆ ಅಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ನಾಟದೆ ರಕ್ತದಲ್ಲಿ ಅದರ ಮಟ್ಟ ಏರಿದಾಗ ಕತ್ತು, ಕಂಕುಳಲ್ಲಿ ಚರ್ಮ ಹೀಗಾಗುತ್ತದೆ. ಮುಂದೆ ಸಕ್ಕರೆ ಕಾಯಿಲೆ ಬರಬಹುದು ಅನ್ನುವುದಕ್ಕೆ ಮೈ ಕೊಡುವ ಸೂಚನೆ. ಕೋಟು ಹುಡುಗಿಯರಿಂದ ಕೇಳಿ ತಿಳಿದಿದ್ದರಿಂದ ಹೇಳಿದೆ, ತಿಕ್ಕಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ ಅಂತ. ಅಮ್ಮನ ಮುಖ ಬಾಡಿತು. ಟೈಲರಮ್ಮ ಇದನ್ನೆಲ್ಲ ಯಾಕೆ ಹೇಳಬೇಕು ಅಂತ ಅನ್ನಿಸಿರಲೂಬಹುದು.

ಬಿಲ್ಲು ಬರೆಯುವಾಗ ಹುಡುಗನನ್ನೇ ಮಾತಾಡಿಸಿದೆ. ಅವನ ದಿನ ಹೀಗಿದೆ. ಏಳು ಇಪ್ಪತ್ತಕ್ಕೆ ವ್ಯಾನು. ಬೆಳಗ್ಗೆ ಹಸಿವಿರಲ್ಲ, ಚಾಕಲೇಟ್ ಪುಡಿ ಹಾಕಿದ ಹಾಲು, ಎರಡು ಬಿಸ್ಕತ್ತು. ಮಧ್ಯಾಹ್ನದ ಡಬ್ಬಿಯ ಚಿತ್ರಾನ್ನ ಅರ್ಧ ವಾಪಸ್. ಸಂಜೆ ತಾತ ಬೇಕರಿಗೆ ಕರೆದುಕೊಂಡು ಹೋಗುತ್ತಾರೆ, ಒಂದು ಪಫ್, ಒಂದು ಜ್ಯೂಸ್ ಬಾಟಲಿ. ಆಮೇಲೆ ಟ್ಯೂಷನ್. ಟ್ಯೂಷನ್ ಮುಗಿದ ಮೇಲೆ ಮೊಬೈಲು. ಮನೆಯಲ್ಲಿ ಊಟ ಹತ್ತು ಗಂಟೆಗೆ, ಯಾಕೆಂದರೆ ಅಜ್ಜಿಯ ಧಾರಾವಾಹಿ ಮುಗಿಯಬೇಕು, ಅಪ್ಪ ಬರಬೇಕು. ಮಲಗುವುದು ಹನ್ನೊಂದು. ಏಳುವುದು ಆರು.

ಇದರಲ್ಲಿ ಆ ಹುಡುಗ ತಾನಾಗಿ ಆರಿಸಿಕೊಂಡಿದ್ದು ಯಾವುದು? ಜ್ಯೂಸಿನ ಬಣ್ಣ ಒಂದೇ. ವ್ಯಾನಿನ ಟೈಮು ಶಾಲೆಯದ್ದು, ಟ್ಯೂಷನ್ ಅಪ್ಪನದ್ದು, ಊಟದ ಹೊತ್ತು ಅಜ್ಜಿಯದ್ದು, ಬೇಕರಿ ತಾತನದ್ದು, ಬಿಸ್ಕತ್ತು ತಂದಿಟ್ಟಿದ್ದು ಅಮ್ಮ. ಕೊನೆಗೆ ಸೊಂಟದ ಅಳತೆ ಮಾತ್ರ ಅವನದ್ದು, ಬೈಗುಳವೂ ಅವನಿಗೇ. ನನಗೆ ಸಿಟ್ಟು ಬರುವುದು ಇಲ್ಲೇ.

ನಿದ್ದೆಯ ಲೆಕ್ಕವನ್ನು ಯಾರೂ ಊಟದ ಜೊತೆ ಸೇರಿಸುವುದಿಲ್ಲ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು ಅನ್ನುತ್ತಾರೆ. ಈ ಹುಡುಗನಿಗೆ ಸಿಗುತ್ತಿದ್ದದ್ದು ಏಳು. ನಿದ್ದೆ ಕಡಿಮೆಯಾದರೆ ಹಸಿವು ಹುಟ್ಟಿಸುವ ಹಾರ್ಮೋನು ಏರುತ್ತದೆ, ಸಾಕು ಅನ್ನಿಸುವ ಹಾರ್ಮೋನು ಇಳಿಯುತ್ತದೆ. ನಿದ್ದೆಗೆಟ್ಟವರಿಗೆ ಸೊಪ್ಪಿನ ಸಾರು ತಿನ್ನಬೇಕು ಅನ್ನಿಸುವುದಿಲ್ಲ ನೋಡಿ, ಕರಿದಿದ್ದು, ಸಿಹಿ ಬೇಕು ಅನ್ನಿಸುತ್ತದೆ. ಹಬ್ಬದ ಸೀಸನ್ನಿನಲ್ಲಿ ರಾತ್ರಿಯೆಲ್ಲ ಮೆಷಿನ್ ತುಳಿಯುವಾಗ ನನಗೂ ಅಷ್ಟೇ, ಬಾಯಿ ಚೌಚೌ ಕೇಳುತ್ತದೆ. ಹತ್ತಕ್ಕೆ ಹೊಟ್ಟೆ ತುಂಬ ಉಂಡವನಿಗೆ ಬೆಳಗ್ಗೆ ಏಳಕ್ಕೆ ಹಸಿವಿರುವುದಿಲ್ಲ. ತಿಂಡಿ ತಪ್ಪಿದವನು ನಾಲ್ಕಕ್ಕೆ ಪಫ್ ಕಂಡರೆ ಬಿಡುವುದಿಲ್ಲ. ಒಂದರ ಬಾಲ ಹಿಡಿದು ಇನ್ನೊಂದು.

ಮೂರು ವರ್ಷದ ತಂಗಿ ಅಷ್ಟೂ ಹೊತ್ತು ಸ್ಟೂಲಿನ ಮೇಲೆ ಮೊಬೈಲ್ ನೋಡುತ್ತಾ ಕೂತಿತ್ತು, ಅಜ್ಜಿ ಬಾಯಿಗೆ ಬಾಳೆಹಣ್ಣು ಇಡುತ್ತಿದ್ದರು. ಮಗು ನುಂಗುತ್ತಿತ್ತು, ಏನು ತಿಂದೆ ಅಂತ ಕೇಳಿದರೆ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಇನ್ನೂ ಕಡಿಮೆಯಾದರೆ ಒಳ್ಳೆಯದು ಅಂತ. ಗಂಟೆಗಿಂತ ನನಗೆ ಕಾಡುವುದು ಆ ನುಂಗುವಿಕೆ. ಸಾಕು ಅಂತ ತಲೆ ತಿರುಗಿಸುವುದು ಪ್ರತಿ ಮಗುವಿಗೂ ಹುಟ್ಟಿನಿಂದ ಬಂದಿರುತ್ತದೆ. ಮೊಬೈಲ್ ಹಿಡಿಸಿ ತುತ್ತು ತುರುಕಿದರೆ ಅದು ಮರೆತೇಹೋಗುತ್ತದೆ.

ಅಜ್ಜಿಯನ್ನು ದೂರುವುದು ಸುಲಭ. ಆಕೆ ನಾಗಮಂಗಲದ ಕಡೆಯವರು. ಮಂಡ್ಯ ಅಂದರೆ ಎಲ್ಲರಿಗೂ ವಿ.ಸಿ. ನಾಲೆ, ಭತ್ತ, ಕಬ್ಬು ಕಣ್ಣಿಗೆ ಬರುತ್ತದೆ. ನಾಗಮಂಗಲ ಹಾಗಲ್ಲ, ಮಳೆ ನಂಬಿದ ನೆಲ. ರಾಗಿ, ಹುರುಳಿ. "ನಾವು ಉಪ್ಪೆಸ್ರು ಮುದ್ದೆ ಕಂಡ್ರೆ ಹಬ್ಬ ಅಂದ್ಕಂಡೋರು ಕಣವ್ವ. ಸಣ್ಣಕಿದ್ದ ಮೊಗ ಜ್ವರ ಬಂದ್ರೆ ತಡ್ಕತಿರ್ಲಿಲ್ಲ" ಅಂದರು. ಆ ಕಾಲಕ್ಕೆ ಅದು ಸರಿಯಾದ ಲೆಕ್ಕವೇ. ಮೈಯಲ್ಲಿ ಸ್ವಲ್ಪ ಕೊಬ್ಬಿದ್ದ ಮಗು ಬದುಕಿಕೊಳ್ಳುತ್ತಿತ್ತು. ಕಾಲ ಬದಲಾಗಿ ಬೇಕರಿ ಬಾಗಿಲಿಗೆ ಬಂದಿದೆ, ಅಜ್ಜಿಯ ಭಯ ಅಲ್ಲೇ ಉಳಿದಿದೆ. ಅದನ್ನು ಬೈದು ಓಡಿಸಲಾಗುವುದಿಲ್ಲ. ಸೊಸೆ ಹೇಳಿದರಂತೂ ಮುಗಿಯಿತು, ಯುದ್ಧವೇ.

ನಮ್ಮ ಜನಕ್ಕೆ ಇನ್ನೊಂದು ವಿಷಯ ಗೊತ್ತಿರಬೇಕು, ಮೈಸೂರಿನಲ್ಲೇ ಕಂಡುಕೊಂಡದ್ದು. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಇದೆಯಲ್ಲ, ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮಕ್ಕನ ಹೆರಿಗೆಯೂ ಅಲ್ಲೇ ಆದದ್ದು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು. ಆ ಹಳೇ ದಾಖಲೆ ಹಿಡಿದು ಸಂಶೋಧಕರು ದೊಡ್ಡವರಾದವರನ್ನು ಹುಡುಕಿ ಹೃದಯ, ಸಕ್ಕರೆ ಪರೀಕ್ಷೆ ಮಾಡಿದರು. ಆಮೇಲೆ 1997-98ರಲ್ಲಿ ಹೊಸದಾಗಿ ಬಸುರಿಯರನ್ನು ಸೇರಿಸಿಕೊಂಡು, ಅವರ ಮಕ್ಕಳನ್ನು ವರ್ಷ ವರ್ಷ ಅಳೆಯುತ್ತಾ ಬಂದರು. ಪಾರ್ಥೆನಾನ್ ಅಧ್ಯಯನ ಅಂತ ಅದರ ಹೆಸರು. ಕಂಡದ್ದೇನು? ನಮ್ಮ ಹಸುಗೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿ ಕಡಿಮೆ, ತೋಳು ಹೊಟ್ಟೆ ಎಲ್ಲ ಸಣ್ಣ, ಆದರೆ ಬೆನ್ನ ಮೇಲಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇಲ್ಲ. ನೋಡಲು ಸಣ್ಣ, ಒಳಗೆ ಕೊಬ್ಬು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಐದು ವರ್ಷಕ್ಕೇ ಬೇರೆ ಮಕ್ಕಳಿಗಿಂತ ಹೆಚ್ಚು ಕೊಬ್ಬು ತುಂಬಿಕೊಂಡಿದ್ದರು.

ಇದನ್ನು ಓದಿದಾಗ ನನಗೆ ಎರಡು ವಿಷಯ ಹೊಳೆಯಿತು. ಒಂದು, ಬಸುರಿ ಹೆಂಗಸನ್ನು ಸರಿಯಾಗಿ ನೋಡಿಕೊಳ್ಳುವುದೂ ಮಗುವಿನ ಸೊಂಟದ ವಿಚಾರವೇ. ಸಕ್ಕರೆ ಪರೀಕ್ಷೆ ತಪ್ಪಿಸಬಾರದು. "ಇಬ್ಬರಿಗೆ ಉಣ್ಣು" ಅಂತ ತುಪ್ಪ ಸುರಿಯುವುದಲ್ಲ. ಇನ್ನೊಂದು, "ಅವ್ರಮ್ಮ ಸರಿಯಾಗಿ ಬೆಳೆಸಿಲ್ಲ" ಅಂತ ತಾಯಿಯ ತಲೆಗೆ ಕಟ್ಟುವುದೂ ಅನ್ಯಾಯ. ಕೆಲವು ಮಕ್ಕಳು ಹುಟ್ಟುವಾಗಲೇ ಕೊಬ್ಬು ಕೂಡಿಡುವ ಮೈ ಪಡೆದು ಬಂದಿರುತ್ತವೆ. ಅಪ್ಪ ಅಮ್ಮ ಇಬ್ಬರೂ ದಪ್ಪಗಿದ್ದರೆ ಸಾಧ್ಯತೆ ಇನ್ನೂ ಜಾಸ್ತಿ. ಒಂದೇ ಮನೆ, ಒಂದೇ ಅಡುಗೆ, ಅಣ್ಣ ಕಡ್ಡಿ, ತಮ್ಮ ಗುಂಡಗೆ. ಇಂಥ ಜೋಡಿಗಳ ಪ್ಯಾಂಟು ಎಷ್ಟೋ ಹೊಲಿದಿದ್ದೇನೆ.

ಬೆಲ್ಲದ ಬಗ್ಗೆ ಹೇಳದಿದ್ದರೆ ಮಂಡ್ಯದವಳಾಗಿ ತಪ್ಪಾಗುತ್ತದೆ. ನಮ್ಮೂರಲ್ಲಿ ಸಕ್ಕರೆ ಕೆಟ್ಟದ್ದು ಅಂದರೆ ಒಪ್ಪುತ್ತಾರೆ, ಬೆಲ್ಲ ಅಂದರೆ ಜಗಳಕ್ಕೆ ಬರುತ್ತಾರೆ. ಆಲೆಮನೆ ಪಕ್ಕದಲ್ಲೇ ಬೆಳೆದವಳು ನಾನು, ಬಿಸಿ ಬೆಲ್ಲ ಎಲೆ ಮೇಲೆ ಹಾಕಿಕೊಂಡು ನೆಕ್ಕಿದವಳು. ಆದರೂ ಹೇಳುತ್ತೇನೆ, ತೂಕದ ಲೆಕ್ಕಕ್ಕೆ ಬೆಲ್ಲ, ಸಕ್ಕರೆ, ಜೇನು ಎಲ್ಲ ಒಂದೇ ಸಾಲು. ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಊಟದ ಹತ್ತನೇ ಒಂದು ಪಾಲಿಗಿಂತ ಕಡಿಮೆ ಇರಬೇಕು, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ 1600 ಕ್ಯಾಲೊರಿ ತಿನ್ನುವ ಮಗುವಿಗೆ ಅದು 40 ಗ್ರಾಂ, ಅರ್ಧ ಅಂದರೆ 20. ಕೋಲಾ ಥರದ ಪಾನೀಯದಲ್ಲಿ 100 ಮಿಲಿಗೆ ಹತ್ತು ಹನ್ನೊಂದು ಗ್ರಾಂ ಸಕ್ಕರೆ. 250 ಮಿಲಿ ಬಾಟಲಿ ಎತ್ತಿದರೆ ಐದಾರು ಟೀ ಚಮಚ ಒಂದೇ ಗುಟುಕಿಗೆ. ಹಾಲಿಗೆ ಹಾಕುವ ಚಾಕಲೇಟ್ ಪುಡಿ, ಬಿಸ್ಕತ್ತು, ಕೆಚಪ್ಪು ಆಮೇಲಿನ ಮಾತು. ರಾಗಿ ಮುದ್ದೆ ತಿಂದರೆ ತೆಳ್ಳಗಾಗುತ್ತಾರೆ ಅಂತಲೂ ಈಗ ಹಬ್ಬಿಸಿದ್ದಾರೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಜಾಸ್ತಿ, ನಿಜ. ಕ್ಯಾಲೊರಿಯಲ್ಲಿ ಅಕ್ಕಿಗಿಂತ ತೀರಾ ಕಡಿಮೆಯೇನಲ್ಲ. ಮುದ್ದೆಯ ಹೆಚ್ಚುಗಾರಿಕೆ ಅದರ ಜೊತೆ ಬರುವ ಬಸ್ಸಾರು, ಕಾಳು, ಸೊಪ್ಪಿನಲ್ಲೂ ಇದೆ. ಮುದ್ದೆ ಉಂಡು ಮೇಲೊಂದು ಬಾಟಲಿ ಜ್ಯೂಸ್ ಕುಡಿದರೆ ರಾಗಿ ಏನು ಮಾಡೀತು?

ನಮ್ಮ ಅಂಗಡಿ ಬಾಗಿಲಿಂದ ಒಂದು ಶಾಲೆಯ ಗೇಟು ಕಾಣುತ್ತದೆ. ಶಾಲೆಯಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಕ್ಕಳಿಗೆ ಮಾರಬಾರದು ಅಂತ 2020ರಲ್ಲೇ ಕೇಂದ್ರದ ನಿಯಮ ಬಂದಿದೆ. 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ "ಶುಗರ್ ಬೋರ್ಡ್" ಹಾಕಿ ಅಂದಿತು, ಯಾವುದರಲ್ಲಿ ಎಷ್ಟು ಸಕ್ಕರೆ ಅಂತ ಮಕ್ಕಳಿಗೆ ಕಾಣಲಿ ಅಂತ. ನಾನು ಟೇಪು ಹಿಡಿದು ಅಳೆಯಲು ಹೋಗಿಲ್ಲ, ಆದರೆ ಐದು ರೂಪಾಯಿ ಪ್ಯಾಕೆಟ್ಟುಗಳ ತೋರಣ ಗೇಟಿಗೆ ಎದುರೇ ತೂಗುತ್ತಿರುತ್ತದೆ. ಅಂಗಡಿಯವನಿಗೂ ಹೊಟ್ಟೆಪಾಡು.

ಆಟದ ವಿಷಯದಲ್ಲಿ "ನಮ್ಮ ಕಾಲದಲ್ಲಿ ಲಗೋರಿ, ಚಿನ್ನಿದಾಂಡು" ಅಂತ ಶುರು ಮಾಡಿದರೆ ಮುಗಿಯುವುದಿಲ್ಲ, ಅದು ಬೇಡ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಬೆವರುವ ಚಟುವಟಿಕೆ ಬೇಕು. ಪಿ.ಟಿ. ಪಿರಿಯಡ್ಡನ್ನು ಗಣಿತದ ಮೇಡಂ ಕೇಳಿ ತೆಗೆದುಕೊಳ್ಳುತ್ತಾರೆ. ಹುಡುಗರಾದರೆ ಭಾನುವಾರ ವಿಶ್ವೇಶ್ವರಯ್ಯ ಸ್ಟೇಡಿಯಂ ಕಡೆ ಹೋಗಿ ಕ್ರಿಕೆಟ್ಟಾದರೂ ಆಡುತ್ತಾರೆ. ಹುಡುಗಿಯರು? ಏಳನೇ ಕ್ಲಾಸಿನವರೆಗೆ ಓಡಾಡುತ್ತಿದ್ದ ಹುಡುಗಿ ದೊಡ್ಡವಳಾದ ತಕ್ಷಣ ಬೀದಿಗೆ ಇಳಿಯುವ ಹಾಗಿಲ್ಲ, ಸೈಕಲ್ ಅಣ್ಣನಿಗೆ ಹೋಗುತ್ತದೆ. ಅದೇ ವರ್ಷ ಅವಳ ಚೂಡಿದಾರದ ಅಳತೆಯಲ್ಲಿ ಗೊತ್ತಾಗುತ್ತದೆ. ಮೈ ತುಂಬುವ ವಯಸ್ಸು, ತುಂಬಲಿ. ಆದರೆ ಅಮ್ಮಂದಿರು ತಾವೇ ಆಟ ನಿಲ್ಲಿಸಿ, ಆಮೇಲೆ ನನ್ನ ಮುಂದೆ "ಹೆಂಗ್ ಊದ್ಕಂಡವ್ಳೆ ನೋಡಿ" ಅನ್ನುತ್ತಾರೆ. ಆ ಹುಡುಗಿ ದುಪಟ್ಟಾ ಎಳೆದುಕೊಂಡು ಗೋಡೆ ನೋಡುತ್ತಿರುತ್ತದೆ.

ಈ ಕಾರಣಕ್ಕೇ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇಟ್ಟಿದ್ದೇನೆ. ಟೈಲರ್ ಅಂಗಡಿಗಳಲ್ಲಿ ಒಬ್ಬರು ಅಳತೆ ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು ವಾಡಿಕೆ. ನಮ್ಮಲ್ಲಿ ಮಕ್ಕಳ ಅಳತೆ ಕೂಗುವುದಿಲ್ಲ, ಟೇಪು ಹಿಡಿದವಳೇ ಬರೆಯುತ್ತಾಳೆ. ಹಿಂದೆ ಸಾಲಿನಲ್ಲಿ ನಿಂತ ಸಹಪಾಠಿಗೆ "ಮೂವತ್ತೊಂದು" ಕೇಳಿಸಿದರೆ ಮರುದಿನ ಅದೇ ಅವನ ಹೆಸರಾಗುತ್ತದೆ. ಹೀಯಾಳಿಸಿಕೊಂಡ ಮಗು ತೆಳ್ಳಗಾಗಲ್ಲ, ಕದ್ದು ತಿನ್ನುವುದು ಕಲಿಯುತ್ತದೆ.

ಆ ಹುಡುಗನನ್ನು ಡಾಕ್ಟರಿಗೆ ತೋರಿಸಿದರು. ಥೈರಾಯ್ಡ್ ಸರಿಯಿತ್ತು. ಊಟದಿಂದ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ವಯಸ್ಸಿಗೆ ತಕ್ಕ ಎತ್ತರ, ಇಲ್ಲ ಒಂದು ಕೈ ಮೇಲೇ ಇರುತ್ತಾರಂತೆ. ಎತ್ತರ ನಿಂತುಹೋಗಿ ದಪ್ಪ ಮಾತ್ರ ಏರುತ್ತಿದ್ದರೆ ಹಾರ್ಮೋನಿನ ತೊಂದರೆ ಇರಬಹುದು, ತಡ ಮಾಡದೆ ತೋರಿಸಬೇಕು. ನನ್ನ ಅಳತೆ ಪುಸ್ತಕದಲ್ಲಿ ಉದ್ದವೂ ಇರುತ್ತದೆ, ಸೊಂಟವೂ ಇರುತ್ತದೆ. ಹಾಗಾಗಿ ಈಗ ಹಳೇ ಗಿರಾಕಿಗಳ ಮಕ್ಕಳದ್ದು ಹಿಂದಿನ ವರ್ಷದ ಪುಟ ತಿರುಗಿಸಿ ನೋಡುತ್ತೇನೆ. ಡಾಕ್ಟರು ಹುಡುಗನಿಗೆ ಪಥ್ಯ ಬರೆದುಕೊಡಲಿಲ್ಲವಂತೆ. ತೂಕ ಇಳಿಸಲೂ ಹೇಳಲಿಲ್ಲ. ತೂಕ ಇದ್ದಲ್ಲೇ ಇರಲಿ, ಎತ್ತರ ಬೆಳೆಯಲಿ ಅಂದರಂತೆ. ಬದಲಾಗಬೇಕಾದ್ದು ಮನೆ ಅಂತ ಅಪ್ಪನನ್ನು ಕೂರಿಸಿಕೊಂಡು ಹೇಳಿದರಂತೆ.

ಮನೆ ಅಷ್ಟು ಬೇಗ ಬದಲಾಗುತ್ತದೆಯೇ? ಊಟ ಎಂಟೂವರೆಗೆ ಬಂದಿದೆ, ಧಾರಾವಾಹಿ ಊಟದ ಆಮೇಲೆ. ಅಜ್ಜಿ ಮೊದಲ ವಾರ ಮುನಿಸಿಕೊಂಡು ಊಟವನ್ನೇ ಬಿಟ್ಟಿದ್ದರಂತೆ. ಮನೆಗೆ ಬಿಸ್ಕತ್ತಿನ ಡಬ್ಬ ತರುವುದು ನಿಂತಿದೆ. ಹುಡುಗನಿಂದ ಬಚ್ಚಿಡುವುದಲ್ಲ, ಯಾರಿಗೂ ಇಲ್ಲ. ಅಪ್ಪನ ಟೀ ಜೊತೆಗೂ ಇಲ್ಲ. ಇದು ಅಪ್ಪನಿಗೇ ಕಷ್ಟವಾಗಿದ್ದು. ತಾತ ಟ್ಯೂಷನ್ನಿಗೆ ಸ್ಕೂಟರ್ ಬಿಟ್ಟು ನಡೆಸಿಕೊಂಡು ಹೋಗುತ್ತಾರೆ, ದಾರಿಯಲ್ಲಿ ಬೇಕರಿ ಬದಲು ಕಡಲೆಕಾಯಿ ಗಾಡಿ. ವಾರಕ್ಕೊಂದು ಪಫ್ ನಡೆಯುತ್ತದೆ. ಪೂರಾ ಬೇಡ ಅಂದರೆ ಅದರ ಮೇಲೇ ಆಸೆ ಹೆಚ್ಚು ಅನ್ನುವುದು ತಾತನ ವಾದ, ಅದರಲ್ಲಿ ಅರ್ಥವಿದೆ. ತಟ್ಟೆಯಲ್ಲಿ ಏನಿರಬೇಕು ಅಂತ ದೊಡ್ಡವರು ನೋಡಿಕೊಳ್ಳಲಿ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಹೊಟ್ಟೆಗೆ ಗೊತ್ತು. "ಇದೊಂದು ತುತ್ತು" ಅನ್ನುವುದನ್ನು ಅಮ್ಮ ಕಷ್ಟಪಟ್ಟು ಬಿಟ್ಟಿದ್ದಾರೆ. ಮೊಬೈಲು ಮಾತ್ರ ಹಾಗೇ ಇದೆ. ತಂಗಿಗೆ ಊಟ ಮಾಡಿಸುವುದು ಇನ್ನೂ ಅಜ್ಜಿಯೇ, ಅಲ್ಲಿ ಯಾರ ಮಾತೂ ನಡೆಯುವುದಿಲ್ಲ.

ಈ ಮೇನಲ್ಲಿ ಮತ್ತೆ ಬಂದಿದ್ದರು. ಈ ಸಲ ಅಪ್ಪನೂ ಜೊತೆಗೆ. ಉದ್ದ ಎರಡು ಇಂಚು ಏರಿದೆ, ಸೊಂಟ ಮೂವತ್ತೊಂದು ಮುಕ್ಕಾಲು. ಕತ್ತಿನ ಕಪ್ಪು ಇನ್ನೂ ಇದೆ, ತಿಕ್ಕಿದ ಗಾಯ ಇಲ್ಲ. ಅಮ್ಮನಿಗೆ ಆ ಮುಕ್ಕಾಲು ಇಂಚಿನದೇ ಬೇಜಾರು. ವರ್ಷಕ್ಕೆ ಎರಡೆರಡು ಇಂಚು ಸೊಂಟ ಬಿಚ್ಚಿ ಅಗಲ ಮಾಡಿಸುತ್ತಿದ್ದವರು ನೀವೇ ಅಂತ ನೆನಪಿಸಿದೆ.

ಅಪ್ಪ ಹುರುಪಿನಲ್ಲಿದ್ದರು. "ಉದ್ದಕ್ಕೆ ಎಷ್ಟು ಬೇಕಾದ್ರೂ ಒಳಗಡೆ ಬಟ್ಟೆ ಬಿಡಿ ಅಕ್ಕ, ಸೊಂಟಕ್ಕೆ ಬಿಡಲೇಬೇಡಿ. ಇನ್ಮೇಲೆ ಏರಲ್ಲ" ಅಂದರು. ಆಯ್ತು ಅಂದೆ. ಉದ್ದಕ್ಕೆ ಮೂರು ಇಂಚು ಬಿಟ್ಟಿದ್ದೇನೆ, ಹಿಂದಿನ ಹೊಲಿಗೆಯಲ್ಲಿ ಸೊಂಟಕ್ಕೂ ಒಂದೂವರೆ ಇಂಚು ಬಿಟ್ಟಿದ್ದೇನೆ. ಬೆಳೆಯುವ ಹುಡುಗ, ಸೊಂಟವೂ ಒಂದಿಷ್ಟು ಬೆಳೆಯಲೇಬೇಕಲ್ಲ. ಅಪ್ಪನಿಗೆ ಹೇಳಿಲ್ಲ.